ಹಟ್ಟಿಗೆ ಹೋದ ನಕ್ಷತ್ರ

ಕಡಬದಲ್ಲಿ ಬಸ್ಸಿಗೆ ಕಾಯುತ್ತಿದ್ದ ದೀಪ್ತಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬಿತ್ತು. ಗುರುತಿನ ಲಿಲ್ಲಿಬಾಯಿಯ ಮಡಿಲಲ್ಲಿ ಬಿದಿರಕಡ್ಡಿಗೆ ಬಣ್ಣದ ಕಾಗದ ಅಂಟಿಸಿದ ಕ್ರಿಸ್ಮಸ್ ನಕ್ಷತ್ರವಿತ್ತು.

“ಎಂತ ಬಾಯಮ್ಮ, ಮೈದಾ ಅಂಟು ಕಾಯಿಸಿ ತಮ್ಮನ ಮನೆಗೆಂದು ಮಾಡಿದ್ದಲ್ವಾ ಇದು?” ಜೊತೆಗಿದ್ದ ಸೇವಂತಿ ಕೇಳಿದಳು.

“ಹೌದು. ಈಗ ಬಿಚ್ಚಿಕೊಂಡು ಬಂದೆ.”

“ಯಾಕೆ?”

“ಹಟ್ಟಿಯಲ್ಲಿ ಕಟ್ಟಿದ್ರು, ದನದ ತಲೆ ಮೇಲೆ.”

“ಮನೆ ಎದುರು?”

“ಅಂಗಡಿಯ ಪ್ಲಾಸ್ಟಿಕ್ಕಿನದ್ದು ಉಂಟು.”

“ನೀವು ಕೇಳ್ಲಿಲ್ವಾ?”

“ಕೇಳಿದೆ. ಯೇಸು ಹುಟ್ಟಿದ್ದು ಹಟ್ಟಿಯಲ್ಲೇ ಅಲ್ವಾ ಅಂದಳು ತಮ್ಮನ ಹೆಂಡತಿ.”

“ತಮ್ಮ ಎಂತ ಹೇಳಿದ್ರು?”

“ನಕ್ಕ.”

ಅವರ ಬಸ್ಸು ಬಂತು. ಸೇವಂತಿ ನಕ್ಷತ್ರವನ್ನು ಜೋಪಾನವಾಗಿ ಎತ್ತಿಕೊಂಡಳು.

“ಹಬ್ಬದ ಊಟಕ್ಕಾದರೂ ಹೋಗಿ, ಬಾಯಮ್ಮ.”

“ನನಗೆ ಎಲ್ಲಿ ಬಡಿಸ್ತಾರೆ ಅಂತ ಗೊತ್ತಾಯ್ತಲ್ಲ,” ಎನ್ನುತ್ತ ಲಿಲ್ಲಿಬಾಯಿ ಬಸ್ಸು ಹತ್ತಿದರು.