ಏಳನೇ ಕಂಬದಿಂದ ಬಂದ ‘ಆಯ್ತು’

ನನ್ನ ಹೆಸರು, ತಂದೆಯ ಹೆಸರು ಮೇಲಿನ ಗೆರೆಯಲ್ಲಿ ಬರೆದಿದೆ. ಜನ ಕರೆಯುವುದು ಸ್ಟೋರ್ ಮೇಷ್ಟ್ರು ಎಂದು. ವಯಸ್ಸು 64. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಉದ್ಯೋಗ: ಹಳೆಯ ಹೆರಿಗೆ ಆಸ್ಪತ್ರೆಯನ್ನು ಭದ್ರಪಡಿಸುವ ಕಾಮಗಾರಿಯಲ್ಲಿ ಸಾಮಾನುಗಳ ಉಗ್ರಾಣ ನೋಡಿಕೊಳ್ಳುವುದು. ವಾಸ: ಮೃತನ ಮನೆಯ ಮುಂದಿನ ಕೋಣೆ. ಕಾಲೇಜಿನಲ್ಲಿ ಎರಡು ವರ್ಷ ಕೂತವನಾದ್ದರಿಂದ ಈ ಹೇಳಿಕೆಯನ್ನು ನನ್ನ ಕೈಯಲ್ಲೇ ಬರೆಯುತ್ತೇನೆಂದು ಕೇಳಿಕೊಂಡೆ, ಇನ್‌ಸ್ಪೆಕ್ಟರ್ ಸಾಹೇಬರಾದ ತಾವು ಒಪ್ಪಿದಿರಿ. ಈ ಮೂಲಕ ತಿಳಿಸುವುದೇನೆಂದರೆ:

ಮೃತನು ನನ್ನ ಹೆಂಡತಿಯ ತಮ್ಮ. ಜ್ಯಾಕ್ ಕೂರಿಸುವ ಕೆಲಸದವನು, ವಯಸ್ಸು 52. ಜ್ಯಾಕುಗಳಿಗೆ ಎಣ್ಣೆ ಒತ್ತುವ ಪಂಪಿನ ಬಳಿ ಇದ್ದವಳು ಅವನ ಒಬ್ಬಳೇ ಮಗಳು, ಡಿಪ್ಲೊಮಾ ಓದಿದ್ದಾಳೆ. ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿ ಬೆಳೆಸಿದ್ದು ನನ್ನ ಹೆಂಡತಿ. ನನ್ನನ್ನು ಮಾವ ಎನ್ನುತ್ತಾಳೆ. ನೀವು ಯಾರ ಕಡೆಯವರು ಎಂದು ನಿನ್ನೆ ತಾವು ಕೇಳಿದಿರಿ. ಇಬ್ಬರ ಕಡೆಯವನೂ ಹೌದು. ಅದೇ ನನ್ನ ಕಷ್ಟ.

ಕಾಮಗಾರಿಯ ವಿಷಯ. ನೆಲ ನಡುಗಿದರೆ ಆ ನಡುಕ ಮೇಲಿನ ಕಟ್ಟಡಕ್ಕೆ ಪೂರ್ತಿ ಏರದ ಹಾಗೆ ಪ್ರತಿ ಕಂಬದ ಬುಡಕ್ಕೂ ರಬ್ಬರು ಮತ್ತು ಉಕ್ಕಿನ ತಗಡುಗಳನ್ನು ಪದರಪದರವಾಗಿ ಒತ್ತಿ ಮಾಡಿದ ದಿಂಬನ್ನು ಕೊಡುತ್ತಾರೆ. ನಾಲ್ಕು ಜ್ಯಾಕುಗಳು ಸುತ್ತ ನಿಂತು ಕಂಬದ ಭಾರ ಹೊರುತ್ತವೆ, ಕಂಬವನ್ನು ಬುಡದಲ್ಲಿ ಕೊಯ್ದು ಆ ಸಂದಿಗೆ ದಿಂಬು ತಳ್ಳುತ್ತಾರೆ. ಹೊಸ ವಿದ್ಯೆ. ಮೃತನು ಇದನ್ನು ಕಟ್ಟಡಕ್ಕೆ ಚಪ್ಪಲಿ ಹಾಕಿಸುವುದು ಎನ್ನುತ್ತಿದ್ದ. ಪಾಪ, ಇಷ್ಟು ವರ್ಷ ಬರಿಗಾಲಲ್ಲೇ ನಿಂತಿತ್ತಲ್ಲ ಭಾವ, ಕಾಲು ಎಷ್ಟು ಸುಟ್ಟಿರಬೇಡ ಎಂದು ಹೇಳುತ್ತಿದ್ದ. ಅವನ ಮಗಳು ಹುಟ್ಟಿದ್ದು ಇದೇ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ. ಆವತ್ತು ಅವನು ಮಗು ನೋಡಲು ಬರುವ ಅವಸರದಲ್ಲಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದಿದ್ದ. ಇದು ಕೇಸಿಗೆ ಬೇಡವಾದರೆ ಹೊಡೆದುಹಾಕಬಹುದು.

ಜ್ಯಾಕಿನ ಕುತ್ತಿಗೆಗೆ ಒಂದು ದಪ್ಪ ನಟ್ಟು ಇರುತ್ತದೆ. ಎಣ್ಣೆಯ ಒತ್ತಡಕ್ಕೆ ಜ್ಯಾಕು ಮೇಲೆದ್ದ ಕೂಡಲೇ ಈ ನಟ್ಟನ್ನು ತಿರುಗಿಸಿ ತಳಕ್ಕೆ ಕೂರಿಸಬೇಕು. ಕೂತಿದ್ದರೆ ಪಂಪಿನವರು ಎಣ್ಣೆ ಬಿಟ್ಟು ಒತ್ತಡ ಇಳಿಸಿದರೂ ಭಾರ ನಟ್ಟಿನ ಮೇಲೆ ನಿಲ್ಲುತ್ತದೆ. ಕೂರದಿದ್ದರೆ ಕಂಬ ಇಳಿಯುತ್ತದೆ. ಪಂಪು ಗೋಡೆಯ ಆಚೆ, ಏಳನೇ ಕಂಬದಿಂದ ಹದಿನೈದು ಮೀಟರ್ ದೂರ. ಅಲ್ಲಿಂದ ಕಂಬ ಕಾಣುವುದಿಲ್ಲ, ವಾಕಿಟಾಕಿಯಲ್ಲಿ ಬಂದ ಮಾತನ್ನೇ ನಂಬಬೇಕು. ವಾಕಿಟಾಕಿ ಮೂರು: ಪಂಪಿನಲ್ಲಿ ಒಂದು, ಕಂಬದ ಹತ್ತಿರ ಒಂದು, ಉಗ್ರಾಣದಲ್ಲಿ ನನ್ನ ಮೇಜಿನ ಮೇಲೆ ಒಂದು. ಆದ್ದರಿಂದ ನಾನು ಐ ವಿಟ್ನೆಸ್ ಅಲ್ಲ, ಇಯರ್ ವಿಟ್ನೆಸ್. ಹಾಗೊಂದು ಮಾತು ಇಂಗ್ಲಿಷಿನಲ್ಲಿ ಇದೆಯೋ ಇಲ್ಲವೋ, ಇಲ್ಲದಿದ್ದರೆ ಇರಬೇಕು.

ಇಂಜಿನಿಯರ್ ಮೇಡಂ ಮೊದಲ ದಿನವೇ ಹೇಳಿದ್ದರು, ನಟ್ಟು ಕೂತ ಮೇಲೆ ‘ನಟ್ ಕೂತಿದೆ’ ಎಂದು ಪೂರ್ತಿ ಹೇಳಬೇಕು, ಹೂಂ, ಸರಿ, ಆಯ್ತು ಯಾವುದೂ ನಡೆಯುವುದಿಲ್ಲ ಎಂದು. ಅಪ್ಪ, ಮಗಳು, ಭಾವ ಎಂಬುದೂ ಬೇಡ, ‘ಪಂಪು’, ‘ಏಳನೇ ಕಂಬ’ ಅಷ್ಟೇ ಎಂದೂ ಹೇಳಿದ್ದರು. ಮೃತನು, ನನ್ನ ಮದುವೆಯಲ್ಲೂ ಇಷ್ಟು ಷರತ್ತು ಇರಲಿಲ್ಲ ಮೇಡಂ ಎಂದು ಎಲ್ಲರನ್ನೂ ನಗಿಸಿದ. ಆದರೆ ಆರು ಕಂಬಗಳಿಗೂ ಹೇಳಿದಂತೆಯೇ ನಡೆದುಕೊಂಡ. ನಾನೇ ಕೇಳಿದ್ದೇನೆ.

ಇದೇ ತಿಂಗಳ 10ನೇ ತಾರೀಖು ಬೆಳಗ್ಗೆ 8 ಗಂಟೆ 10 ನಿಮಿಷಕ್ಕೆ ಗೇಟಿನ ಪಕ್ಕದ ಚಹಾ ಅಂಗಡಿಯಲ್ಲಿ ನಾವು ಮೂವರೂ ಇದ್ದೆವು. ಅಲ್ಲಿ ಮಗಳು ತಂದೆಗೆ, ಇವತ್ತು ನಿನ್ನ ನೋಡ್ಕೋತೀನಿ ಎಂದು ಗದರಿಸಿದಳು. ಇದನ್ನು ಕೇಳಿದ ಇಬ್ಬರು ಫಿಟ್ಟರುಗಳು ತಮ್ಮೆದುರು ಹಾಗೆಯೇ ಹೇಳಿದ್ದಾರೆ. ಸುಳ್ಳಲ್ಲ, ಅರ್ಧ. ಹಿಂದಿನ ಮಾತು ಅವರ ಕಿವಿಗೆ ಬಿದ್ದಿಲ್ಲ. ಮನೆಯ ಬಚ್ಚಲಿನ ಚಿಲಕ ಮುರಿದು ಎರಡು ತಿಂಗಳಾಗಿತ್ತು, ಬಾಗಿಲಿಗೆ ಹಗ್ಗ ಕಟ್ಟಿಕೊಂಡು ಸ್ನಾನ ಮಾಡುತ್ತಿದ್ದೆವು. ಅವಳು ಹೇಳಿದ್ದು, ಊರಿನ ಕಟ್ಟಡವನ್ನೆಲ್ಲ ಎತ್ತಿ ನಿಲ್ಲಿಸ್ತೀಯ, ಒಂದು ಚಿಲಕ ಹಾಕೋಕೆ ಕೈ ಬರಲ್ಲ, ಇವತ್ತೂ ಹಾಕದಿದ್ರೆ ನಿನ್ನ ನೋಡ್ಕೋತೀನಿ ಎಂದು. ಅವನು ಆಯ್ತು ಕಣಮ್ಮ ಎಂದ. ತನ್ನ ಬನ್ನಿನಲ್ಲಿ ಅರ್ಧ ಮುರಿದು ಅವಳ ತಟ್ಟೆಗೆ ಹಾಕಿದ. ಅವಳು ತಿಂದಳು. ಕೊಲ್ಲುವವರು ಹಾಗೆ ತಿನ್ನುವುದಿಲ್ಲ ಎಂದು ನಾನು ನಂಬುತ್ತೇನೆ.

ಬೆಳಗ್ಗೆ 11 ಗಂಟೆ 20 ನಿಮಿಷಕ್ಕೆ ಏಳನೇ ಕಂಬದ ಜ್ಯಾಕುಗಳು ಭಾರ ತೆಗೆದುಕೊಂಡವು. ಮುಳ್ಳು, ಮೀಟರು, ಎಲ್ಲ ಸರಿಯಾಗಿತ್ತು. ಆಗ ಪಂಪಿನಿಂದ ಮಗಳ ದನಿ ಬಂತು: ಏಳನೇ ಕಂಬ, ನಟ್ ಕೂರಿಸಿ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಹೊತ್ತು ಇಲ್ಲಿ ಕೂತಿರುತ್ತಿರಲಿಲ್ಲ. ಬೆಳಗಿನ ಜಗಳ ಮನಸ್ಸಿನಲ್ಲಿತ್ತೇನೋ, ದನಿ ಮೆತ್ತಗೆ ಮಾಡಿಕೊಂಡು, ಅಪ್ಪಾ, ಚಿಲಕಾನೂ ಮರೀಬೇಡ ಎಂದಳು. ನಾನು ಉಗ್ರಾಣದಲ್ಲಿ ಒಬ್ಬನೇ ನಕ್ಕೆ. ಅವನೂ ನಕ್ಕದ್ದು ಕೇಳಿಸಿತು. ಆಮೇಲೆ, ಆಯ್ತು ಕಣಮ್ಮ, ಆಯ್ತು ಎಂದ. ಅವಳು ಎಣ್ಣೆ ಬಿಟ್ಟಳು.

ಅವನ ಆಯ್ತು ಬಗ್ಗೆ ನಾನು ಹೇಳಲೇಬೇಕು. ನನ್ನ ಹೆಂಡತಿ ಹೇಳುತ್ತಿದ್ದಳು, ಇವನ ಆಯ್ತು ಅಂದ್ರೆ ನಾಳೆ, ಇವನ ನಾಳೆ ಅಂದ್ರೆ ಇಲ್ಲ ಎಂದು. ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದವರು ಐ ಹ್ಯಾವ್ ಡನ್ ಬೇರೆ, ಐ ಶಲ್ ಡು ಬೇರೆ ಎಂದು ಬೋರ್ಡಿನ ಎರಡು ತುದಿಗೆ ಬರೆದು ನಡುವೆ ಗೆರೆ ಎಳೆಯುತ್ತಿದ್ದರು. ಒಂದಕ್ಕೆ ಪ್ರೆಸೆಂಟ್ ಪರ್ಫೆಕ್ಟ್ ಎಂದು ಹೆಸರು, ಇನ್ನೊಂದು ಮರೆತಿದೆ. ನಮ್ಮ ಆಯ್ತು ಆ ಗೆರೆಯ ಎರಡೂ ಕಡೆ ಓಡಾಡುತ್ತದೆ. ಮಾಡಿ ಮುಗಿಸಿದ್ದೇನೆ ಎಂಬುದಕ್ಕೂ ಆಯ್ತು, ಮಾಡುತ್ತೇನೆ ಬಿಡು ಎಂಬುದಕ್ಕೂ ಆಯ್ತು. ಕೆಲಸದಲ್ಲಿ ಅವನು ಎಂದೂ ಆ ಮಾತು ಆಡಿದವನಲ್ಲ. ಅವಳು ಅಪ್ಪಾ ಎಂದು ಕರೆದಳು, ಅವನು ಅಪ್ಪನಾಗಿ ಉತ್ತರ ಕೊಟ್ಟ. ಅವಳು ಆ ಉತ್ತರವನ್ನು ಪಂಪಿನವಳಾಗಿ ಕೇಳಿಸಿಕೊಂಡಳು. ಎರಡು ಆಯ್ತುಗಳಲ್ಲಿ ಒಂದು ಚಿಲಕದ್ದು, ಒಂದು ನಟ್ಟಿನದು ಎಂದುಕೊಂಡಳು. ಇಬ್ಬರಲ್ಲಿ ಯಾರೂ ಸುಳ್ಳು ಹೇಳಲಿಲ್ಲ.

ಡಬ್ ಎಂದು ಒಂದೇ ಸಲ ಸದ್ದಾಯಿತು. ಉಗ್ರಾಣದಿಂದ ಏಳನೇ ಕಂಬಕ್ಕೆ ನಲವತ್ತು ಮೀಟರ್. ನನ್ನ ಮೊಣಕಾಲಿಗೆ ಅದು ದೂರ. ಕಂಬ ಒಂದು ಬೆರಳಿನಷ್ಟು ಇಳಿದಿತ್ತು. ಜ್ಯಾಕಿನ ಮೇಲೆ ಒತ್ತುಕೊಟ್ಟಿದ್ದ ಉಕ್ಕಿನ ದಪ್ಪ ತುಂಡೊಂದು ಜಾರಿ ಸಿಡಿದು ಅವನ ಎದೆಗೆ ಬಡಿದಿತ್ತು. ನಾಲ್ಕರಲ್ಲಿ ಮೂರು ನಟ್ಟು ಕೂತಿದ್ದವು, ನಾಲ್ಕನೆಯದರ ಮೇಲೆ ಅವನ ಕೈ ಇತ್ತು. ಮಾಡುತ್ತಲೇ ಇದ್ದ ಸ್ವಾಮಿ. ಈ ಒಂದು ಸಲ ಅವನ ಆಯ್ತು ನಾಳೆಯದಾಗಿರಲಿಲ್ಲ, ಇನ್ನೊಂದು ಗಳಿಗೆಯದಾಗಿತ್ತು.

ಮಗಳು ನನಗಿಂತ ಮುಂಚೆ ಬಂದು ಎದುರಿಗೇ ನಿಂತಿದ್ದಳು. ಕಣ್ಣೆದುರು ತಂದೆ ಬಿದ್ದಿದ್ದರೂ ವಾಕಿಟಾಕಿಯನ್ನು ಬಾಯಿಗೆ ಹಿಡಿದು, ಏಳನೇ ಕಂಬ, ಏಳನೇ ಕಂಬ, ಉತ್ತರ ಕೊಡಿ ಎನ್ನುತ್ತಿದ್ದಳು. ಅವಳ ದನಿ ಅವನ ಸೊಂಟದ ವಾಕಿಟಾಕಿಯಿಂದ ಹೊರಗೆ ಬರುತ್ತಿತ್ತು. ಕೊನೆಗೆ ನಾನು ಬಗ್ಗಿ ಅದನ್ನು ಆರಿಸಿದೆ.

ಕಟ್ಟಡಕ್ಕೆ ಏನೂ ಆಗಿಲ್ಲ. ಇಂಜಿನಿಯರ್ ಮೇಡಂ ಮಹಡಿ ಮಹಡಿ ಹತ್ತಿ ನೋಡಿ ಬಂದು, ಒಂದು ಬಿರುಕೂ ಇಲ್ಲ ಎಂದು ಹೇಳಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತರು.

ಮಗಳು ತಮ್ಮೆದುರು ನಾನೇ ಕೊಂದೆ ಎಂದಿದ್ದಾಳೆ, ಬೇರೆ ಏನು ಕೇಳಿದರೂ ಬಾಯಿ ಬಿಡುತ್ತಿಲ್ಲ ಎಂದು ತಾವು ತಿಳಿಸಿದಿರಿ. ಅದನ್ನು ತಪ್ಪೊಪ್ಪಿಗೆ ಎಂದು ಬರೆದುಕೊಳ್ಳಬಾರದೆಂದು ಕೈಮುಗಿದು ಕೇಳುತ್ತೇನೆ. ಅದು ಗೋಳು. ಅವಳಿಗೆ ಉತ್ತರ ಬಂದಿತ್ತು ಎಂದು ಹೇಳಿದರೆ ತಪ್ಪು ಅಪ್ಪನ ತಲೆಗೆ ಬರುತ್ತದೆಂದು ಅವಳು ಆ ಮಾತನ್ನು ನುಂಗಿಕೊಂಡಿದ್ದಾಳೆ. ಅದಕ್ಕಾಗಿ ನಾನು ಹೇಳುತ್ತಿದ್ದೇನೆ. ಆ ಮಾತು ಬಂದದ್ದು ನಿಜ, ನಾನು ಕೇಳಿದ್ದೇನೆ.

ಸಾಕ್ಷಿ ಬೇಕಾದರೆ ಬಚ್ಚಲಿನ ಬಾಗಿಲು ಇದೆ. ಹಗ್ಗ ಹಾಗೆಯೇ ಇದೆ. ಇಂದು ಬೆಳಗ್ಗೆ ಏಳು ಗಂಟೆಗೆ ನಾನು ಎದ್ದು ನೋಡಿದಾಗ ಮಗಳು ಸ್ಕ್ರೂಡ್ರೈವರ್ ಹಿಡಿದು ಹೊಸ ಚಿಲಕ ಹಾಕಲು ಬಾಗಿಲ ಮುಂದೆ ಕೂತಿದ್ದಳು. ಬೇಡಮ್ಮ, ಸಾಹೇಬರು ನೋಡುವವರೆಗೆ ಅದನ್ನು ಮುಟ್ಟಬೇಡ, ಸ್ಕ್ರೂಡ್ರೈವರ್ ಕೆಳಗಿಡು ಎಂದೆ. ಅವಳು ‘ಆ’ ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದಳು. ಸ್ಕ್ರೂಡ್ರೈವರನ್ನು ನೆಲದ ಮೇಲೆ ಇಟ್ಟು, ಕೈ ತೆಗೆದು, ಆಮೇಲೆ ಹೇಳಿದಳು: ಕೆಳಗಿಟ್ಟಿದೀನಿ ಮಾವ.

ಮೇಲೆ ಬರೆದದ್ದೆಲ್ಲ ನಾನು ಕಿವಿಯಾರೆ ಕೇಳಿದ್ದು, ಕಣ್ಣಾರೆ ಕಂಡದ್ದು, ಯಾರೂ ಹೇಳಿಕೊಟ್ಟದ್ದಲ್ಲ. ಠಾಣೆಯ ರೈಟರ್ ಇದನ್ನು ಗಟ್ಟಿಯಾಗಿ ಓದಿ, ಆಯ್ತಾ ಮೇಷ್ಟ್ರೇ ಎಂದು ಕೇಳಿದರು. ಓದಿದ್ದನ್ನು ಕೇಳಿಸಿಕೊಂಡಿದ್ದೇನೆ, ಬರೆದಿರುವುದು ನಿಜವಾಗಿದೆ, ರುಜು ಹಾಕಿದ್ದೇನೆ ಎಂದು ಒಂದೊಂದನ್ನೂ ಪೂರ್ತಿಯಾಗಿ ಹೇಳಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಇದೇ ತಿಂಗಳ 14
(ರುಜು)
ಮೃತನ ಭಾವ