ಭಂಕೂರದ ಹಾಜರಿ

ಇದು ಕಟ್ಟಿದ ಕತೆ ಅಲ್ಲ. ನಮ್ಮ ಕಾಕಾನ ಮಗಳು, ಶಹಾಬಾದಿನ ಸುಮಂಗಲಾಗೆ ಆದದ್ದು. ನಂಬದವರು ಈಗಲೇ ಎದ್ದು ಮಲಗಲಿಕ್ಕೆ ಹೋಗಬಹುದು...

ಗುರುವಾರ ರಾತ್ರಿ ಹತ್ತೂವರೆ. ಆಫೀಸಿನಿಂದ ಅವಳು ಮನೆಗೆ ನಡೆದು ಹೊರಟಿದ್ದಳು. ಹಳೇ ಬಾವಿಯ ಹತ್ತಿರ ಬೀದಿದೀಪ ಇಲ್ಲ. ಬಾವಿಯೊಳಗೆ ಹನಿ ಬೀಳುತ್ತಿತ್ತು. ತೊಟ್... ತೊಟ್. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಮಾಲಕ ಶಂಕರಲಿಂಗನ ಮೇಲೆ ಸಿಟ್ಟು, ಅದಕ್ಕಿಂತ ಹೆಚ್ಚು ತನ್ನ ಮೇಲೆ.

ಆ ಮನುಷ್ಯನಿಗೆ ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಐದು ಖಣಿ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಕಡೆ ಒಂದೊಂದು, ಶಹಾಬಾದಿನ ಮಗ್ಗುಲಿಗೆ ಭಂಕೂರದ್ದೊಂದು. ಆಳುಗಳು ಮುಂಜಾನೆ ಮಿಷನ್ನಿಗೆ ಹೆಬ್ಬೆರಳಿಟ್ಟು ಒಳಗೆ ಹೋಗಬೇಕು, ಸಂಜೆ ಹೆಬ್ಬೆರಳಿಟ್ಟು ಹೊರಗೆ ಬರಬೇಕು. ಬೆರಳು ಹತ್ತಿದರೆ ಮಿಷನ್ ಟಿಣ್ ಎಂದು "ಥ್ಯಾಂಕ್ಯೂ" ಅನ್ನುತ್ತದೆ. ಐದೂ ಕಡೆಯ ಹಾಜರಿ ಬಂದು ಸೇರುವುದು ಆಫೀಸಿನ ಒಂದೇ ಸರ್ವರಿಗೆ. ಇನ್ನೊಂದು ಸರ್ವರ್ ತರಿಸಿರಿ ಎಂದರೆ ಮಾಲಕನ ಜೀವ ಹೋಗುತ್ತದೆ. ಹಾಗಾಗಿ ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ಸುಮಂಗಲಾ ಹಾಜರಿ ಆ್ಯಪಿನ ಐದು ಪ್ರತಿ ಮಾಡಿ, ಅದೊಂದರಲ್ಲೇ ಬೇರೆ ಬೇರೆಯಾಗಿ ಓಡಿಸುತ್ತಿದ್ದಳು. ವಾಡಿಯ ಪ್ರತಿ ಕೆಟ್ಟು ಬಿತ್ತೆಂದು ಸೇಡಮಿನವರು ಬಿಸಿಲಲ್ಲಿ ಸಾಲು ನಿಲ್ಲಬಾರದು. ಐದರ ಮೇಲೂ ಒಂದು ಕಾವಲು ಪ್ರೋಗ್ರಾಂ ಇಟ್ಟಿದ್ದಳು. ಯಾವ ಪ್ರತಿ ಬಿದ್ದರೂ ಅದು ಹತ್ತು ಸೆಕೆಂಡಿನಲ್ಲಿ ಎಬ್ಬಿಸಿ ನಿಲ್ಲಿಸುತ್ತದೆ, ಅವಳ ಫೋನಿಗೆ ಮೆಸೇಜ್ ಹಾಕುತ್ತದೆ. ಎರಡು ವರ್ಷದಲ್ಲಿ ಒಬ್ಬನ ಹಾಜರಿಯೂ ತಪ್ಪಿರಲಿಲ್ಲ.

ಮಂಗಳವಾರ ಸಂಜೆ ಭಂಕೂರದ ಖಣಿಯಲ್ಲಿ, ಮಳೆಗೆ ನೆನೆದ ಕಲ್ಲಿನ ಗುಡ್ಡೆ ಜಾರಿ ಬಿತ್ತು. ಕೆಳಗೆ ಯಾರೂ ಇರಲಿಲ್ಲ ಎಂದ ಮಾಲಕ. ಬುಧವಾರ ಹಣಮವ್ವ ಬಂದು ಆಫೀಸಿನ ಮೆಟ್ಟಿಲ ಮೇಲೆ ಕೂತಳು. ಅವಳ ಗಂಡ ಭಗವಂತ ಖಣಿಗೆ ಹೋದವನು ಮನೆಗೆ ಬಂದಿಲ್ಲ. ಅವನು ಅವತ್ತು ಕೆಲಸಕ್ಕೇ ಬಂದಿಲ್ಲ, ಸೊಲ್ಲಾಪುರಕ್ಕೆ ಓಡಿಹೋಗಿರಬೇಕು ಎಂದು ಮಾಲಕ ಅವಳನ್ನು ಎಬ್ಬಿಸಿ ಕಳಿಸಿದ. ಗುಡ್ಡೆ ಅಗೆದರೆ, ಒಳಗೆ ಹೆಣ ಸಿಕ್ಕರೆ, ಖಣಿಗೆ ಬೀಗ ಬೀಳುತ್ತದೆ. ಇಷ್ಟೇ ಆ ನಾಚಿಕೆಗೆಟ್ಟವನ ಚಿಂತೆ. ಗುರುವಾರ ಕತ್ತಲಾದ ಮೇಲೆ ಭಂಕೂರದ ಮಿಷನ್ ಕಿತ್ತು ತಂದು ಸುಮಂಗಲಾಳ ಮೇಜಿನ ಮೇಲೆ ಕುಕ್ಕಿದ.

"ಭಂಕೂರದ್ದು ಪೂರಾ ತೆಗದು ಹಾಕು. ಮಂಗಳವಾರದ ಹಾಜರಿ ಎಲ್ಲೂ ಇರಬಾರ್ದು."

ಅಳಿಸುವ ಮೊದಲು ಅವಳು ನೋಡಿದಳು. ಭಗವಂತ... ಒಳಗೆ, ಮುಂಜಾನೆ ಏಳು ಹನ್ನೆರಡು. ಹೊರಗೆ ಎನ್ನುವ ಕಡೆ ಖಾಲಿ. ನೋಡಿಯೂ ಅಳಿಸಿದಳು. ನೌಕರಿ ಹೋದರೆ ಗತಿಯೇನು ಎಂಬ ಹೆದರಿಕೆ.

ಬಾವಿ ದಾಟಿದಳು. ಟುಂಯ್... ಫೋನು. "ಭಂಕೂರ ಎದ್ದಿದೆ" ಎಂದು ಮೆಸೇಜು.

ಬುಡಸಮೇತ ಕಿತ್ತು ಹಾಕಿದ್ದು ಏಳುವುದೆಂದರೇನು? ಬಿರಬಿರನೆ ವಾಪಸ್ ನಡೆದಳು. ಆಫೀಸಿನ ಕಾವಲುಗಾರ ಅಲ್ಲಾವುದ್ದೀನ, ವಯಸ್ಸಾದ ಮನುಷ್ಯ, ಬಾಗಿಲ ಹೊರಗೆ ನಿಂತಿದ್ದ. ಪಿಸುಗುಟ್ಟಿದ.

"ಬೇಟಿ... ಒಳಗ ಮಿಷನ್ ಮಾತಾಡ್ಲಿಕತ್ತದ."

ಟಿಣ್... "ಥ್ಯಾಂಕ್ಯೂ."

ಮೇಜಿನ ಮೇಲಿನ ಮಿಷನ್ನಿಗೆ ವೈರೇ ಹಾಕಿರಲಿಲ್ಲ, ಅದರ ಮೈಗೇ ಸುತ್ತಿತ್ತು. ಮತ್ತೆ ಟಿಣ್. ಕಂಪ್ಯೂಟರಿನಲ್ಲಿ ಭಂಕೂರದ ಪಟ್ಟಿ ತಾನಾಗೇ ತೆರೆದಿತ್ತು, ಅಳಿಸಿದ ಮಂಗಳವಾರದ ಹಾಜರಿಯೂ ಅದರಲ್ಲಿ ಮರಳಿ ಬಂದಿತ್ತು. ಒಂದೊಂದು ಟಿಣ್ಣಿಗೆ ಒಂದೊಂದು ಸಾಲು. ಭಗವಂತ, ಒಳಗೆ. ಭಗವಂತ, ಒಳಗೆ. ಅವಳು ಆ ಪ್ರತಿಯನ್ನು ನಿಲ್ಲಿಸಿದಳು, ಎದ್ದಿತು. ಮತ್ತೆ ನಿಲ್ಲಿಸಿದಳು, ಮತ್ತೆ ಎದ್ದಿತು. ಕೊನೆಗೆ ಕಾವಲು ಪ್ರೋಗ್ರಾಮನ್ನೇ ಬಂದ್ ಮಾಡಿ ಐದನ್ನೂ ಒಟ್ಟಿಗೇ ಕೆಡವಿದಳು. ಸೇಡಂ ಬಿತ್ತು. ಚಿತ್ತಾಪುರ ಬಿತ್ತು. ವಾಡಿ, ಚಿಂಚೋಳಿ ಬಿದ್ದವು... ಭಂಕೂರ ಬೀಳಲಿಲ್ಲ.

"ಚಾಚಾ, ಅಂವ ಖಣಿ ಒಳಗೇ ಅದಾನ. ಹೊರಗ ಬಂದೇ ಇಲ್ಲ."

"ಸತ್ತು ದೆವ್ವ ಆಗ್ಯಾನ, ಬೇಟಿ. ಈಗ ಆ ಕಡಿ ಹೋಗಬ್ಯಾಡ... ಬೆಳಕ ಹರೀಲಿ."

ಅವಳಿಗೂ ಸರಿ ಅನ್ನಿಸಿತು. ಸತ್ತವನಿಗೇನು ಅವಸರ? ಬಿದ್ದ ನಾಲ್ಕನ್ನು ಎಬ್ಬಿಸಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಚಾಚಾ ತುಟಿಯಲ್ಲೇ ದುವಾ ಓದುತ್ತಿದ್ದ. ಒಳಗೆ ಟಿಣ್... ಟಿಣ್. ರಾತ್ರಿ ಎರಡರ ಮೇಲೆ ಒಂದು ಟಿಣ್ಣಿಗೂ ಇನ್ನೊಂದಕ್ಕೂ ನಡುವಿನ ಹೊತ್ತು ಉದ್ದವಾಗತೊಡಗಿತು. ನಾಲ್ಕರ ಸುಮಾರಿಗೆ ಒಂದು ಟಿಣ್. ಆಮೇಲೆ ಇಲ್ಲ. ಅವನಿಗೆ ಶಾಂತಿ ಸಿಕ್ಕಿತು ಎಂದ ಚಾಚಾ. ಅವಳೂ ಸಮಾಧಾನದ ಉಸಿರು ಬಿಟ್ಟಳು.

ಬೆಳಕು ಹರಿಯುತ್ತಲೇ ಪಟ್ಟಿಯನ್ನು ಪ್ರಿಂಟ್ ತೆಗೆದು, ಹಣಮವ್ವನನ್ನೂ ಆಳುಗಳನ್ನೂ ಕರೆದುಕೊಂಡು ಖಣಿಗೆ ನಡೆದಳು. ಶಂಕರಲಿಂಗ ದಾರಿಗೆ ಕಾರು ಅಡ್ಡ ಹಾಕಿದ. ನಿನ್ನ ನೌಕರಿ ಹೋಯಿತು ಎಂದ. ಅವಳು ಆ ಕಾಗದವನ್ನು ಅವನ ಮುಖಕ್ಕೆ ಹಿಡಿದಳು.

"ಕೆಲಸಕ್ಕ ಬಂದಿಲ್ಲ ಅಂದ್ರಲ್ಲ... ಓದ್ರಿ. ಅವನ ಹೇಣ್ತಿ ಕೇಳಂಗ ಓದ್ರಿ."

ಅವನು ಕಾಗದವನ್ನು ಆಚೆ ತಳ್ಳಿದ. ಆಳುಗಳು ಅವನನ್ನು ದಾಟಿಕೊಂಡು ಹೋದರು. ಹಾರೆ ಹಾಕಿ, ಬರಿಗೈಯಲ್ಲಿ ಕಲ್ಲು ಸರಿಸಿದರು. ಎಂಟು ಗಂಟೆಗೆ ಎರಡು ದೊಡ್ಡ ಚಪ್ಪಡಿ ಎತ್ತಿದಾಗ ಕೆಳಗೆ ಒಬ್ಬ ಮನುಷ್ಯ ಕೂರುವಷ್ಟು ಪೊಳ್ಳು ಜಾಗ. ಭಗವಂತ ಅಲ್ಲಿ ಕಲ್ಲಿಗೆ ಒರಗಿ ಕೂತಿದ್ದ. ಹಣಮವ್ವ ಇಳಿದು ಅವನ ಎದೆ ಮುಟ್ಟಿದಳು. ಮುಟ್ಟಿ ತಿರುಗಿ ಸುಮಂಗಲಾಳನ್ನು ನೋಡಿದಳು.

"ಯಕ್ಕಾ... ಮೈ ಬೆಚ್ಚಗದ."

ಡಾಕ್ಟರು ಬಂದು ನೋಡಿದರು. ಜೀವ ಹೋಗಿ ನಾಲ್ಕು ತಾಸು ಆಗಿದೆ ಎಂದರು.

ಅಂದರೆ ಆ ರಾತ್ರಿ ಅವನು ದೆವ್ವ ಆಗಿರಲೇ ಇಲ್ಲ. ಮೂರು ರಾತ್ರಿ ಆ ಕಲ್ಲಿನಡಿ ಬದುಕಿದ್ದ. ನಾನು ಒಳಗಿದ್ದೇನೆ, ಒಳಗಿದ್ದೇನೆ ಎಂದು ಹೇಳುತ್ತಲೇ ಇದ್ದ. ಇವರು ದೆವ್ವ ಎಂದು ಮೆಟ್ಟಿಲ ಮೇಲೆ ಕೂತು ಬೆಳಕಿಗೆ ಕಾದರು. ಸುಮಂಗಲಾ ಮಾಲಕನಿಗೆ ಹಾಕುವ ಶಾಪ ಇವತ್ತಿಗೂ ನಿಂತಿಲ್ಲ. ಆದರೆ ಕನ್ನಡಿ ನೋಡುವುದನ್ನು ಬಿಟ್ಟು ವರ್ಷವಾಯಿತು.

ಸುಳ್ಳಲ್ಲ. ಅವನನ್ನು ಮೇಲೆತ್ತುವಾಗ ಅವಳೇ ಅವನ ಕೈ ಹಿಡಿದಿದ್ದಳು... ಮೈಮೇಲೆ ಗಾಯ ಅಷ್ಟಾಗಿ ಇರಲಿಲ್ಲ. ಒಂಬತ್ತು ಬೆರಳು ಸರಿ ಇದ್ದವು. ಬಲಗೈ ಹೆಬ್ಬೆರಳಿನ ತೊಗಲು ಮಾತ್ರ ಎಲುಬಿನವರೆಗೆ ಸವೆದು ಹೋಗಿತ್ತು.