ಒಂದೇ ರಾತ್ರಿಗೆ ಕೂಡುವ ಮೂಳೆ

ಮುರಿದ ಮಣಿಕಟ್ಟು ಹಿಡಿದು ಮೂಳೆ ಡಾಕ್ಟರ ಬಾಗಿಲಲ್ಲಿ ಕೂತು ಕೂತು ಟೈಲರಮ್ಮನಿಗೆ ಸಾಕುಸಾಕಾಗಿತ್ತು. ಪಕ್ಕದಲ್ಲಿ ಯಾರೋ ಅಣ್ಣ-ತಂಗಿ: ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಅಣ್ಣ, ಅವನ ಊರುಗೋಲು ಹಿಡಿದ ತಂಗಿ.

"ಅಣ್ಣಾ, ದಾಳ ಹಾಕ್ತಾ ಕಥೆ ಕಟ್ತೀವಲ್ಲ, ನಮ್ಮ ಆ ಆಟದ ಒಂದು ನಿಯಮ ಬದಲಾಯಿಸ್ತೀನಿ."

"ಯಾವ್ದೇ?"

"ನಿನ್ನ ವೀರ ಕೋಟೆ ಮೇಲಿಂದ ಬಿದ್ರೂ, ಒಂದು ರಾತ್ರಿ ಮಲಗಿ ಎದ್ರೆ ಓಡ್ತಾನಲ್ಲ, ಅದು. ಕಥೆ ನಂಬೋ ಹಾಗಿರ್ಬೇಕು ಅಂತ ವರ್ಷವಿಡೀ ನನ್ನ ತಲೆ ತಿಂದೆ. ಇನ್ಮೇಲೆ ಕಾಲು ಮುರಿದ್ರೆ ಮೂರು ತಿಂಗಳು."

ಅಣ್ಣ ತನ್ನ ಪ್ಲಾಸ್ಟರ್ ನೋಡಿಕೊಂಡ.

"ಬೇಡ ಕಣೇ."

"ನಂಬೋಕಾಗಲ್ಲ ಅಂತಿದ್ಯಲ್ಲ?"

"ನಂಬ್ತೀನಿ ಬಿಡೇ. ಅಲ್ಲಾದ್ರೂ ಬೆಳಗ್ಗೆ ಎದ್ದು ಓಡ್ತೀನಿ."

ಒಳಗಿಂದ ಕರೆದರು. ಅಣ್ಣ ಕುಂಟುತ್ತಾ ಹೋದ, ತಂಗಿ ಬಾಗಿಲು ಹಿಡಿದಳು. ಆ ಆಟಕ್ಕೆ ಹೊರಗಿನವರನ್ನೂ ಸೇರಿಸಿಕೊಳ್ಳುತ್ತಾರಾ ಎಂದು ಕೇಳಬೇಕಿತ್ತು ಅನ್ನಿಸಿತು ಟೈಲರಮ್ಮನಿಗೆ.